ಹುಣಸೆಬೀಜದ ಲೆಕ್ಕ

ದಾರಿಹೋಕರು ನಿಂತು ಕೇಳುತ್ತಿದ್ದರು:
ಕ್ರಿಕೆಟ್ಟಾ? ಅಲ್ಲ. ಲಗೋರಿಯಾ? ಅಲ್ಲ.
ಸಕ್ಕರೆ ಕಾರ್ಖಾನೆಯ ಬೂದಿ
ಬಿಳಿ ಅಂಗಿಗಳ ಮೇಲೆ ಕರಿಎಳ್ಳಿನಂತೆ ಉದುರುವ ಮಧ್ಯಾಹ್ನ
ಮಂಡ್ಯದ ಹೈಸ್ಕೂಲು ಮೈದಾನದಲ್ಲಿ
ಹದಿಮೂರರ ನಂಜಮಣಿ ಎಸೆಯುತ್ತಿದ್ದಳು,
ನಾನು ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದೆ.
ಬೇಸ್‌ಬಾಲ್ ಅಂತ. ಶಾಲೆಗೆ ಒಂದೇ ಕಿಟ್ಟು.
ಗ್ಲೌಸಿಗೆ ಎರಡು ಕಡೆ ಚಪ್ಪಲಿ ಹೊಲಿಯುವ ದಾರ.

ಅವಳ ತೋಳನ್ನು ನಾನು ತಿಳಿದದ್ದು
ಕಣ್ಣಿಂದಲ್ಲ, ಅಂಗೈಯಿಂದ.
ಬೆಳಗಿನ ಚೆಂಡು ಕಾದೆಣ್ಣೆಗೆ ಬಿದ್ದ ಸಾಸಿವೆ.
ಹೊತ್ತೇರಿದಂತೆ ಅದೇ ಚೆಂಡು
ನೀರು ಹೆಚ್ಚಾದ ಮುದ್ದೆಯ ಹಾಗೆ
ಮೆತ್ತಗೆ ಬಂದು ಕೂರುತ್ತಿತ್ತು.

ಅಜ್ಜಿಯ ಅಳಗುಳಿಮಣೆಯಿಂದ ಹುಣಸೆಬೀಜ ಕದ್ದು
ಬಲಜೇಬಿಗೆ ತುಂಬಿಕೊಂಡಿದ್ದೆ,
ಎಸೆತಕ್ಕೊಂದು ಎಡಜೇಬಿಗೆ.
ಯಾರೂ ಹೇಳಿಕೊಟ್ಟದ್ದಲ್ಲ.
ಗಣಿತದಲ್ಲಿ ಫೇಲಾಗುವವಳಿಗೆ ಅದೊಂದು ಚಟ.

ಕೆಂಪಯ್ಯ ಮೇಷ್ಟ್ರು ಕೆಟ್ಟವರಲ್ಲ.
ಸ್ವಂತ ದುಡ್ಡಿನಲ್ಲಿ ಬೇಯಿಸಿದ ಮೊಟ್ಟೆ ತರುತ್ತಿದ್ದರು,
ನಮ್ಮಪ್ಪಂದಿರ ಮುಂದೆ ಕೈಕಟ್ಟಿ ನಿಂತು
ನಮ್ಮನ್ನು ಬೇಡಿ ತಂದಿದ್ದರು.
ಅವರಿಗಿದ್ದದ್ದು ಒಬ್ಬಳೇ ಪಿಚ್ಚರ್, ಒಂದೇ ಮಾತು:
"ಇನ್ನೊಂದೇ ಇನಿಂಗ್ಸ್ ಕಣವ್ವ, ಒಸಿ ತಡ್ಕೊ."
ನೋವೆಂದರೆ ಹಸಿರು ಮುಲಾಮು.
ಅದರ ವಾಸನೆ ಚೆಂಡಿಗೆ ಹತ್ತಿ
ಚೆಂಡಿನಿಂದ ನನ್ನ ಊಟದ ಕೈಗೂ ಬಂತು.

ನಮ್ಮಿಬ್ಬರ ನಡುವೆ ಬೆರಳಿನ ಭಾಷೆಯಿತ್ತು.
ಒಂದು ಬೆರಳು: ನೇರ. ಎರಡು: ತಿರುವು.
ಕಿರುಬೆರಳು: ಇವಳು ಹೆದರಿದ್ದಾಳೆ, ಒಳಕ್ಕೆ ಹಾಕು.
ನಿಲ್ಲಿಸು ಅನ್ನುವುದಕ್ಕೆ
ಬೆರಳಿರಲಿಲ್ಲ.

ಮೈಸೂರಿನಲ್ಲಿ ವಿಭಾಗ ಮಟ್ಟ. ಶನಿವಾರವೇ ಎರಡು ಆಟ.
ಎಡಜೇಬು ತುಂಬಿ ಚೆಲ್ಲಿತು.
ರಾತ್ರಿ ಛತ್ರದ ಚಾಪೆಯ ಮೇಲೆ ಸುರಿದು ಎಣಿಸಿದೆ:
ನೂರಾ ಮೂವತ್ತೇಳು.
ಭಾನುವಾರ ಬೆಳಿಗ್ಗೆ, ನಲ್ಲಿಯ ಹತ್ತಿರ,
ಬಾಚಣಿಗೆ ಹಿಡಿದ ಅವಳ ಕೈ ಕಿವಿಯವರೆಗೆ ಹೋಗಿ
ದಾರಿ ಮರೆತಂತೆ ಅಲ್ಲೇ ನಿಂತಿತು.
"ಝರೀ, ಜಡೆ ನೀನೇ ಹಾಕ್ಬುಡೆ. ಮೇಷ್ಟ್ರಿಗೆ ಹೇಳ್ಬ್ಯಾಡ."
ಹಾಕಿದೆ. ಬಿಗಿಯಾಗಿ. ತುದಿಗೆ ಕೆಂಪು ಟೇಪು.
ಹೇಳಲಿಲ್ಲ.
ಅವಳು ಬೇಡವೆಂದಳು ಅಂತಲ್ಲ,
ಫೈನಲ್ಲು ನನಗೂ ಬೇಕಿತ್ತು.

ಐವತ್ತೆರಡನೆಯ ಬೀಜ ಬೆರಳಲ್ಲಿತ್ತು.
ಕಬ್ಬು ಮುರಿದ ಸದ್ದಾಯಿತು ಎಂದು ಬರೆಯಬಹುದು, ಮಂಡ್ಯದವಳು.
ಸುಳ್ಳು. ಏನೂ ಕೇಳಿಸಲಿಲ್ಲ.
ಚೆಂಡು ಅರ್ಧದಲ್ಲೇ ನೆಲಕ್ಕಿಳಿದು
ಉರುಳುತ್ತ ಬಂದು ನನ್ನ ಮೊಣಕಾಲಿಗೆ ಒರಗಿತು,
ಮನೆಗೆ ಮರಳಿದ ಬೆಕ್ಕಿನ ಹಾಗೆ.
ಅವಳು ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ನಿಂತಿದ್ದಳು,
ಬೇರೆ ಯಾರದೋ ಮಗುವನ್ನು ಎತ್ತಿಕೊಂಡವಳಂತೆ.

"ಬೆಳೆಯೋ ಮೂಳೆ, ಇನ್ನೂ ಎಳೇದು,"
ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು.
"ದಿನಕ್ಕೆ ಎಷ್ಟು ಎಸೀತಿದ್ಳು?"
ಮೇಷ್ಟ್ರು ನೆಲ ನೋಡಿದರು.
"ಅದನ್ನೆಲ್ಲ ಯಾರು ಎಣಿಸ್ತಾರೆ ಸಾರ್."
ನನ್ನ ಎರಡು ಜೇಬೂ ಭಾರವಾಗಿದ್ದವು.

ಈಗ ಗುತ್ತಲು ರಸ್ತೆಯಲ್ಲಿ ನಂಜಮಣಿ ರವಿಕೆ ಹೊಲಿಯುತ್ತಾಳೆ.
ಮೊಣಕೈ ಪೂರ್ತಿ ಚಾಚುವುದಿಲ್ಲ,
ಮೇಲಿನ ಹಲಗೆಯ ಬಟ್ಟೆಗೆ ಮಗಳನ್ನು ಕೂಗುತ್ತಾಳೆ.
ಮಗಳು ಆರನೇ ಕ್ಲಾಸು. ಚೆಂಡು ಕಂಡರೆ ಸಾಕು
ಭುಜ ಹಿಂದೆ ಹೋಗುತ್ತದೆ, ಅದೇ ಭುಜ.

ಭಾನುವಾರ ಮೂವರೂ ಮೈದಾನಕ್ಕೆ.
ಮಂಡಿ ನೋವು, ಆದರೂ ಕೂರುತ್ತೇನೆ.
ಆ ಕಾಣೆಯಾದ ಸನ್ನೆಯನ್ನು ಮಾಡಿಕೊಂಡಿದ್ದೇನೆ: ಮುಚ್ಚಿದ ಮುಷ್ಟಿ.
ಮೂವತ್ತಾಯಿತು.
ಹುಡುಗಿ ಕಾಲು ನೆಲಕ್ಕೆ ಒದೆಯುತ್ತಾಳೆ, "ಆಂಟೀ, ಇನ್ನೊಂದೇ."
ಕಟ್ಟೆಯ ಮೇಲೆ ಕಾಜ ಹೊಲಿಯುತ್ತ ಕೂತ ನಂಜಮಣಿ
ತಲೆ ಎತ್ತದೆ ಅನ್ನುತ್ತಾಳೆ, ಅವಳೇ ಅನ್ನುತ್ತಾಳೆ:
"ಚೆನ್ನಾಗ್ ಬತ್ತಾ ಅದೆ. ಇನ್ನೊಂದ್ ಹಾಕ್ಲಿ ಬುಡೆ, ಝರೀ."

ನಾನು ಮುಷ್ಟಿ ಬಿಚ್ಚುವುದಿಲ್ಲ.
ಒಳಗೆ ಮೂವತ್ತೊಂದನೆಯ ಬೀಜ
ಬೆವರುತ್ತಿದೆ.